ಮುನಿವೆಂಕಟಮ್ಮನ ಮೂಗು ಮತ್ತು ತೊಂಬತ್ತು ನಂಬರಿನ ಎಣ್ಣೆ

“ಹಾಲು ಸೀದ ಮೇಲೆ ಬೀದಿಗೆಲ್ಲ ಗೊತ್ತಾಗುತ್ತೆ, ಸೀಯೋಕೆ ಮುಂಚೆ ಮುನಿವೆಂಕಟಮ್ಮಂಗೆ ಗೊತ್ತಾಗುತ್ತೆ” ಅಂತ ಜಕ್ಕೂರಿನ ನಮ್ಮ ಬೀದಿಯವರು ಹೇಳುತ್ತಿದ್ದರು. ಅವರ ಮೂಗಿನ ಮೇಲೆ ಇಂಥ ಮಾತುಗಳು ಒಂದೆರಡಲ್ಲ. ಹಾಲಿನವನು ಕ್ಯಾನಿನ ಮುಚ್ಚಳ ತೆಗೆಯುವಷ್ಟರಲ್ಲಿ ನೀರೆಷ್ಟು ಹಾಲೆಷ್ಟು ಅಂತ ಹೇಳಿಬಿಡುತ್ತಾರೆ ಎನ್ನುವವರು ಒಬ್ಬರು. ಮೂರನೇ ಮನೆ ಸೊಸೆ ಒಗ್ಗರಣೆಗೆ ಇಂಗು ಮರೆತರೆ ಇಲ್ಲಿಂದಲೇ ಕೂಗುತ್ತಾರೆ ಎನ್ನುವವರು ಇನ್ನೊಬ್ಬರು. “ಕುಡ್ಕೊಂಡು ಆ ಮನೆ ಮುಂದೆ ಹೋಗ್ಬೇಡ ಗುರು, ಯಾವ ಅಂಗಡೀದು ಅಂತಾನೂ ಹೇಳ್ತಾರೆ” ಎಂದು ಹುಡುಗರು ನಗುತ್ತಿದ್ದರು. ಇದರಲ್ಲಿ ಅರ್ಧ ನಿಜ, ಇನ್ನರ್ಧ ಕಟ್ಟೆ ಮೇಲೆ ಕೂತವರು ಸೇರಿಸಿದ್ದು. ಒಂದು ಮಾತು ಮಾತ್ರ ಪೂರ್ತಿ ನಿಜ. ಜಕ್ಕೂರಿನ ಯಾವ ನೀರಿನ ಟ್ಯಾಂಕರಿನ ಡಿಫರೆನ್ಷಿಯಲ್‌ಗೂ ಮುನಿವೆಂಕಟಮ್ಮ ಮೂಸಿ “ಹ್ಞೂಂ” ಅನ್ನದೆ ಎಣ್ಣೆ ಬೀಳುತ್ತಿರಲಿಲ್ಲ.

ಡಿಫರೆನ್ಷಿಯಲ್ ಅಂದರೆ ಏನು ಅಂತ ಕೇಳುವವರು ಟ್ಯಾಂಕರಿನ ಹಿಂದೆ ಬಗ್ಗಿ ನೋಡಿ. ಎರಡು ಹಿಂಚಕ್ರಗಳ ನಡುವೆ, ಅಚ್ಚಿನ ಮಧ್ಯಕ್ಕೆ, ಬೂದುಗುಂಬಳದ ಗಾತ್ರದ ಕಬ್ಬಿಣದ ಗುಂಡೊಂದು ಕಾಣುತ್ತದೆ. ಗ್ಯಾರೇಜಿನವರು ಅದನ್ನು ಹೌಸಿಂಗ್ ಅನ್ನುತ್ತಾರೆ. ಇಂಜಿನ್ನಿನ ಬಲ ಅಲ್ಲಿಗೆ ಬಂದು ಎರಡು ಕಡೆಯ ಚಕ್ರಗಳಿಗೆ ಹಂಚಿಹೋಗುತ್ತದೆ. ಒಳಗೆ ಊಟದ ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರವೊಂದು, ಅದಕ್ಕೆ ಕಚ್ಚಿಕೊಂಡ ಚಿಕ್ಕದೊಂದು. ಎರಡೂ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಸರಿಯಿದ್ದರೆ ಆರು ಸಾವಿರ ಲೀಟರ್ ನೀರು ಹೊತ್ತು ಅಪಾರ್ಟ್‌ಮೆಂಟಿನ ದಿಬ್ಬ ಹತ್ತಿದರೂ ಸದ್ದಿಲ್ಲ. ಎಣ್ಣೆ ತಪ್ಪಿದರೆ ಮೊದಲು ಸಣ್ಣಗೆ ಗುಂಯ್ ಅನ್ನುತ್ತದೆ, ಆಮೇಲೆ ಅಳುತ್ತದೆ, ಆಮೇಲೆ ಒಂದು ದಿನ ಹಲ್ಲು ಉದುರಿಸಿಕೊಂಡು ನಡುರಸ್ತೆಯಲ್ಲಿ ಕೂತುಬಿಡುತ್ತದೆ.

ಹಳ್ಳಿ ಹೆಂಗಸಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂದರೆ, ರಾಗಿ ಹಗೇವಿನಿಂದ ಬಂತು.

ಯಲಹಂಕದಾಚೆ ಸಿಂಗನಾಯಕನಹಳ್ಳಿಯಲ್ಲಿ ಅವರ ತಾತನ ಮನೆ ಮುಂದೆ ನೆಲದೊಳಗೆ ಹಗೇವು ತೋಡಿದ್ದರು. ಸುಗ್ಗಿಯ ರಾಗಿಯನ್ನು ಅದರೊಳಗೆ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಜೋಪಾನ. ಒಳಗೆ ಕಟ್ಟಿಕೊಂಡ ಗಾಳಿ ಕೆಟ್ಟದ್ದು, ತಕ್ಷಣ ಇಳಿದವನು ಮೇಲೆ ಬರುವುದಿಲ್ಲ. ಚಪ್ಪಡಿ ಸರಿಸಿದ ಮೇಲೆ ತಾತ ಏಳು ವರ್ಷದ ಮೊಮ್ಮಗಳನ್ನು ಬಾಯಿಯ ಹತ್ತಿರ ಬಗ್ಗಿಸಿ ಹಿಡಿದು ಕೇಳುತ್ತಿದ್ದನಂತೆ.

“ಏನಂತೈತೆ ಮಗಾ?”

“ಇನ್ನೂ ಮುಗ್ಗು ತಾತ, ಬ್ಯಾಡ.”

ಒಂದು ಗಳಿಗೆ ಬಿಟ್ಟು ಮತ್ತೆ ಬಗ್ಗಿಸುವುದು. ಮತ್ತೆ “ಬ್ಯಾಡ.” ಮೂರನೇ ಸಲ ಅವಳು “ಈಗ ಬರೀ ರಾಗಿ ವಾಸ್ನೆ” ಅಂದರೆ ಆಳು ಇಳಿಯುತ್ತಿದ್ದ. ಒಂದು ವರ್ಷ ಅವಸರದ ಚಿಕ್ಕಪ್ಪನೊಬ್ಬ ಹುಡುಗಿಯ ಮಾತೇನು ಕೇಳುವುದು ಅಂತ ಅವಳು ಬೇಡವೆಂದರೂ ಇಳಿಯಲು ಸೊಂಟಕ್ಕೆ ಹಗ್ಗ ಬಿಗಿದ. ತಾತ ತಡೆದು ಮೊದಲು ದೀಪ ಇಳಿಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿಹೋಯಿತು. ಅವತ್ತಿನಿಂದ ಆ ಮನೆಯಲ್ಲಿ ಹುಡುಗಿಯ ಮೂಗಿಗೆ ಎದುರಾಡಿದವರಿಲ್ಲ.

ಆ ಹುಡುಗಿ ಬೆಳೆದು ಜಕ್ಕೂರಿನ ಕೃಷ್ಣಯ್ಯನ ಕೈಹಿಡಿದು ಬಂದರು. ದ್ರಾಕ್ಷಿ ತೋಟವಿದ್ದ ಮನೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ದ್ರಾಕ್ಷಿಗಿಂತ ನೀರೇ ಸಿಹಿ ಅಂತ ಗೊತ್ತಾಗಿ, ಕೃಷ್ಣಯ್ಯ ತೋಟದ ಬೋರಿಗೆ ಪೈಪು ಸಿಕ್ಕಿಸಿ ಹಳೆಯ ಲಾರಿಯೊಂದನ್ನು ಟ್ಯಾಂಕರು ಮಾಡಿಸಿದರು. ಅದರ ಹೌಸಿಂಗ್ ಮೊದಲ ವರ್ಷವೇ ಅಳಲು ಶುರುಮಾಡಿತು. ಒಂದು ಮಧ್ಯಾಹ್ನ ಮುನಿವೆಂಕಟಮ್ಮ ಗಂಡನಿಗೆ ಮುದ್ದೆ ಊಟ ಕಟ್ಟಿಕೊಂಡು ಗ್ಯಾರೇಜಿಗೆ ಹೋದಾಗ ಅಲ್ಲಿನ ಮೇಸ್ತ್ರಿ ಹೊಸ ಡಬ್ಬದಿಂದ ಎಣ್ಣೆ ಹುಯ್ಯುತ್ತಿದ್ದ. ಊಟದ ಗಂಟು ಕೆಳಗಿಡದೆಯೇ ಅವರು ಕೇಳಿದರು.

“ಓದ್ಸಲ ಆಕಿದ್ದು ಇದಲ್ಲ ಅಲ್ವಾ?”

“ಅದೇ ಅಮ್ಮ. ಅದೇ ದಪ್ಪ, ತೊಂಬತ್ತು ನಂಬರು. ಡಬ್ಬ ನೋಡಿ.”

“ಡಬ್ಬ ಅದೇಯ. ಒಳ್ಗಿರೋದು ಅದಲ್ಲ. ಅದು ಬೆಂಕಿಕಡ್ಡಿ ಗೀರ್ದಂಗೆ, ಮೊಟ್ಟೆ ಕೊಳ್ತಂಗೆ ನಾರ್ತಿತ್ತು. ಇದು ಲಾರಿ ಹೊಗೆ ನಾರ್ತೈತೆ.”

ಅವರು ಹೇಳಿದ್ದು ಸರಿಯಾಗಿತ್ತು. ಯಾರೋ ಖಾಲಿ ಡಬ್ಬಕ್ಕೆ ಬಳಸಿದ ಇಂಜಿನ್ ಎಣ್ಣೆ ಸೋಸಿ ತುಂಬಿ ಮಾರಿದ್ದರು. ಕೃಷ್ಣಯ್ಯ ಮುದ್ದೆ ಮುರಿಯುತ್ತಾ ಹೆಂಡತಿಯ ಮುಖವನ್ನೇ ನೋಡಿದರಂತೆ. ಅಲ್ಲಿಂದ ಶುರು. ಮೊದಲು ತಮ್ಮ ಟ್ಯಾಂಕರು, ಆಮೇಲೆ ಮೈದುನನದು, ಆಮೇಲೆ ಊರಿನ ಹದಿನೇಳೂ ಟ್ಯಾಂಕರು. ಎಣ್ಣೆ ಬದಲಾಯಿಸುವ ದಿನ ಡಬ್ಬ ಮೊದಲು ಬರುತ್ತಿದ್ದುದು ಮುನಿವೆಂಕಟಮ್ಮನ ಜಗಲಿಗೆ. ಅವರು ಕಾಸು ಮುಟ್ಟುತ್ತಿರಲಿಲ್ಲ. ಒಂದು ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚುತ್ತಿದ್ದರು. ಆ ಹೊತ್ತು ಬೀದಿಯೂ ಸುಮ್ಮನಿರುತ್ತಿತ್ತು. ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ವಿಮಾನವೊಂದು ಮಾತ್ರ ತಲೆಯ ಮೇಲೆ ಗುರುಗುಟ್ಟಿಕೊಂಡು ಸುತ್ತು ಹೊಡೆಯುತ್ತಿತ್ತು. “ಹ್ಞೂಂ” ಅಂದರೆ ಹಾಕುವುದು. “ಊಹ್ಞೂಂ” ಅಂದರೆ ಡಬ್ಬ ವಾಪಸ್ಸು.

ಪ್ರತಿ ಸಲ ಒಳ್ಳೆಯ ಎಣ್ಣೆ ಬಂದಾಗ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಹುಯ್ದು ಕಿಟಕಿಯಲ್ಲಿ ಇಡುತ್ತಿದ್ದರು, ಮುಂದಿನ ಸಲದ್ದಕ್ಕೆ ಹೋಲಿಸಿ ನೋಡುವುದಕ್ಕೆ. ಬಿಸಿಲಿಗೆ ಅದು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಅದನ್ನು ನೋಡಿಯೇ ಎದುರುಮನೆ ದೊಡ್ಡಮುನಿಯಮ್ಮ ಮೋಸಹೋಗಿದ್ದು.

ದೊಡ್ಡಮುನಿಯಮ್ಮ ಮುನಿವೆಂಕಟಮ್ಮನಿಗಿಂತ ಆರು ವರ್ಷಕ್ಕೆ ದೊಡ್ಡವರು, ಬಾಯಲ್ಲಿ ಅರವತ್ತು ವರ್ಷಕ್ಕೆ ದೊಡ್ಡವರು. ಮುನಿವೆಂಕಟಮ್ಮನ ಕೂದಲು ಐವತ್ತಾದರೂ ಕಪ್ಪಗಿದೆಯಲ್ಲ ಎಂಬ ಹೊಟ್ಟೆಕಿಚ್ಚು ಅವರಿಗೆ. ಕಿಟಕಿಯಲ್ಲಿ ಹೊಳೆಯುವುದು ಅದರ ಗುಟ್ಟಿನ ತೈಲವೇ ಇರಬೇಕು ಅಂತ ತೀರ್ಮಾನಿಸಿ, ಒಂದು ಶನಿವಾರ ಯಾರೂ ಇಲ್ಲದಾಗ ಬಂದು ಅಂಗೈಗೆ ಹುಯ್ದುಕೊಂಡು ಹೋಗಿ ನೆತ್ತಿಗೆ ತಟ್ಟಿಕೊಂಡರು. ತಟ್ಟಿದ ಮೇಲೆ ನಾತ ಹೊಡೆಯಿತು. ಔಷಧಿ ಅಂದಮೇಲೆ ನಾತ ಇರುತ್ತೆ ಅಂತ ಇನ್ನಷ್ಟು ತಿಕ್ಕಿದರು. ಸೀಗೆಕಾಯಿ ಹಾಕಿದರು, ಹೋಗಲಿಲ್ಲ. ಕಡಲೆಹಿಟ್ಟು ಹಾಕಿದರು, ಹೋಗಲಿಲ್ಲ. ಪಾತ್ರೆ ಸೋಪು ಹಾಕಿದರು, ಹೋಗಲಿಲ್ಲ. ಎಂಟು ದಿನ ಮೊಮ್ಮಕ್ಕಳು ಹತ್ತಿರ ಸುಳಿಯಲಿಲ್ಲ.

“ಅಕ್ಕಾ, ನಿನ್ ತಲೆ ಒಳ್ಗೆ ಗೇರು ಏನಾನ ಸವ್ದೈತಾ?” ಅಂತ ಮುನಿವೆಂಕಟಮ್ಮ ಬೀದಿಯಲ್ಲಿ ನಿಂತು ಕೇಳಿದರು.

“ನಿನ್ ವಂಶ ನಿರ್ವಂಶ ಆಗ್ಲೆ ಮುನೆಂಕ್ಟಿ! ಎಣ್ಣೆ ಮಡ್ಗೋ ಜಾಗ್ದಲ್ಲಿ ಎಣ್ಣೆ ಮಡ್ಗ್ಬೇಕು, ಲಾರಿ ಹೊಟ್ಟೆಗೆ ಆಕೋದ್ನ ಮಡ್ಗ್ತಾರಾ?”

ಇಬ್ಬರೂ ಒಂದು ತಿಂಗಳು ಮಾತುಬಿಟ್ಟರು. ಮಾತು ಬಿಟ್ಟಿದ್ದೇವೆ ಅಂತ ಎದುರುಬದುರು ಕಟ್ಟೆಯಲ್ಲಿ ಕೂತು ದಿನಾ ಒಬ್ಬರಿಗೊಬ್ಬರು ಕೇಳಿಸುವಂತೆ ಹೇಳಿಕೊಳ್ಳುತ್ತಿದ್ದರು.

ಕೃಷ್ಣಯ್ಯ ತೀರಿಕೊಂಡ ಮೇಲೆ ಟ್ಯಾಂಕರಿನ ವ್ಯವಹಾರ ಮಗ ನಿರಂಜನನ ಕೈಗೆ ಬಂತು. ನಿರಂಜನ ಒಳ್ಳೆಯವನೇ. ಆದರೆ ಫೋನಿನಲ್ಲಿ ಟ್ಯಾಂಕರ್ ಓಡಿಸುವವನು. ಸ್ಟಿಯರಿಂಗು ಹಿಡಿಯುವವರು ಅಬ್ರಾರ್. ಕೃಷ್ಣಯ್ಯನೇ ಕರೆತಂದ ಡ್ರೈವರು, ಆರ್.ಟಿ. ನಗರದ ಕಡೆಯವರು, ಮನೆಯಲ್ಲಿ ದಖನಿ ಉರ್ದು, ಇಲ್ಲಿ ನಮ್ಮಂತೆಯೇ ಕನ್ನಡ. ಹದಿನಾರು ವರ್ಷದಲ್ಲಿ ಒಂದು ಗೇಟಿಗೂ ಗೀಚಿದವರಲ್ಲ. ಮೊಟ್ಟೆಬುಟ್ಟಿ ತಲೆಮೇಲಿಟ್ಟುಕೊಂಡು ನಡೆದಂತೆ ಟ್ಯಾಂಕರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಮುನಿವೆಂಕಟಮ್ಮ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಆದರೆ ಮೊದಲ ರೊಟ್ಟಿ ಅವರಿಗೇ ಹಾಕುತ್ತಿದ್ದರು.

ಹೀಗಿರುವಾಗ ಕೊರೊನಾ ಬಂತು. ಎರಡನೇ ಸಲ ಅದು ಊರೆಲ್ಲ ಸುತ್ತಿದಾಗ ಮುನಿವೆಂಕಟಮ್ಮನಿಗೂ ನಾಲ್ಕು ದಿನ ಜ್ವರ ಬಂದು ಹೋಯಿತು. ಎದ್ದು ಕೂತು, ಬಾಯಿಗೆ ರುಚಿಯಿಲ್ಲ ಅಂತ ಹಿತ್ತಲಿಗೆ ಹೋಗಿ ಕರಿಬೇವಿನ ಎಲೆ ಹಿಸುಕಿ ಮೂಗಿಗೆ ಹಿಡಿದರು. ಏನೂ ಇಲ್ಲ. ಇನ್ನೊಂದು ಎಲೆ. ಏನೂ ಇಲ್ಲ. ಒಳಗೆ ಬಂದು ಕಿಟಕಿಯ ಬಾಟಲಿ ಬಿಚ್ಚಿ ಮೂಸಿದರು. ಮನೆಮಂದಿಯೆಲ್ಲ ಮೂಗು ಮುಚ್ಚುವ ಆ ನಾತ ಇವರ ಪಾಲಿಗೆ ಬರೀ ನೀರು. ಹಗೇವಿನ ಬಾಯಲ್ಲಿ ಇಳಿಬಿಟ್ಟ ದೀಪ ಆರಿದಂತೆ ಆರಿಹೋಗಿತ್ತು ಮೂಗು.

ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದರು. ತಿಂಗಳಾಯಿತು, ವರ್ಷವಾಯಿತು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಓದು ಬಾರದ, ಆಸ್ತಿ ಮಕ್ಕಳ ಹೆಸರಿಗಾದ ಹೆಂಗಸಿಗೆ ಊರಿನಲ್ಲಿ ಇದ್ದ ಹೆಸರೇ ಅದೊಂದು. ಗ್ಯಾರೇಜಿನ ಸಂಗಮೇಶ ಡಬ್ಬ ತಂದು ಮುಂದೆ ಹಿಡಿದರೆ ಎಂದಿನಂತೆ ಬೆರಳು ಅದ್ದಿ, ಉಜ್ಜಿ, ಕಣ್ಣು ಮುಚ್ಚಿ, “ಹ್ಞೂಂ” ಅನ್ನುತ್ತಿದ್ದರು. ಅಂಗಡಿ ಒಂದೇ, ಎಣ್ಣೆ ಒಂದೇ, ಹಾಗಾಗಿ ಎರಡೂವರೆ ವರ್ಷ ಏನೂ ಕೆಡಲಿಲ್ಲ. ಒಮ್ಮೆ ಅವರು ಪಕ್ಕದಲ್ಲೇ ಕೂತಿರುವಾಗ ಒಲೆ ಮೇಲೆ ಹಾಲು ಸೀದು ಬೀದಿಗೆಲ್ಲ ವಾಸನೆ ಹೊಡೆಯಿತು. ಗಿಣ್ಣಿಗೆ ಅಂತ ಬೇಕಂತಲೇ ಕಾಯಿಸಿದ್ದು ಎಂದುಬಿಟ್ಟರು. ಸೀದ ಹಾಲಿನಲ್ಲಿ ಯಾರು ಗಿಣ್ಣು ಮಾಡುತ್ತಾರೆ ಅಂತ ಬೀದಿಯಲ್ಲಿ ಯಾರಿಗೂ ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಆ ಎಣ್ಣೆ ಅಂಗಡಿ ಮುಚ್ಚಿತು. ಸಂಗಮೇಶ ಬೇರೆ ಕಡೆಯಿಂದ ಒಂದು ದೊಡ್ಡ ಬಕೆಟ್ ಎಣ್ಣೆ ತಂದ. ಅದೇ ಬಣ್ಣ, ಅದೇ ತೊಂಬತ್ತು ನಂಬರು, ಉಜ್ಜಿದರೆ ಅದೇ ಜಿಡ್ಡು. ಮುನಿವೆಂಕಟಮ್ಮ ಕಣ್ಣು ಮುಚ್ಚಿ ತೆರೆದು “ಹ್ಞೂಂ” ಅಂದರು.

ಇಪ್ಪತ್ನಾಲ್ಕರ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಿನ ಅರ್ಧ ಬೋರು ಬತ್ತಿ, ಟ್ಯಾಂಕರು ಬಂದರೆ ಮದುವೆ ದಿಬ್ಬಣ ಬಂದಂತೆ ಜನ ಓಡಿಬರುತ್ತಿದ್ದ ಬೇಸಿಗೆ. ಅಬ್ರಾರ್ ದಿನಕ್ಕೆ ಹತ್ತು ಲೋಡು ಹೊಡೆಯುತ್ತಿದ್ದರು. ಫೆಬ್ರವರಿ ಕೊನೆಗೆ ಹೌಸಿಂಗ್ ಗುಂಯ್ ಅಂದಿತು. ವಾರದಲ್ಲಿ ಅಳತೊಡಗಿತು. ಬಿಚ್ಚಿ ನೋಡಿದರೆ ಹಲ್ಲುಗಳು ಕಾದು ನೀಲಿಗಟ್ಟಿವೆ, ಎರಡು ಮುಕ್ಕಾಗಿವೆ. ಹೊಸ ಹಲ್ಲುಚಕ್ರ ಹಾಕಿ ಅದೇ ಬಕೆಟ್ಟಿನ ಎಣ್ಣೆ ತುಂಬಿದರು, ಮತ್ತೆ ಮುನಿವೆಂಕಟಮ್ಮನ “ಹ್ಞೂಂ” ಕೇಳಿಯೇ. ಏಪ್ರಿಲ್ ಬರುವಷ್ಟರಲ್ಲಿ ಹೊಸದೂ ಗುಂಯ್ ಅನ್ನತೊಡಗಿತು.

ನಿರಂಜನ ಜಗಲಿಯ ಮೇಲೆ ಅಬ್ರಾರನ್ನು ಕೂರಿಸಿಕೊಂಡು ಮಾತಾಡಿದ. ರಂಜಾನ್ ತಿಂಗಳು. ಊರಿಗೆಲ್ಲ ನೀರು ಹುಯ್ದು ಬಂದ ಅಬ್ರಾರ್ ತುಟಿ ಒಣಗಿಸಿಕೊಂಡು ಕೂತಿದ್ದರು.

“ಅಬ್ರಾರ್ ಭಾಯ್, ತಪ್ಪು ತಿಳ್ಕೋಬೇಡಿ. ಎರಡು ತಿಂಗ್ಳಲ್ಲಿ ಎರಡು ಸಲ. ಗಾಡಿ ಅದೇ, ಎಣ್ಣೆ ಅಮ್ಮ ನೋಡಿದ್ದೇ. ಇನ್ನೇನ್ ಉಳೀತು? ಕ್ಲಚ್ ಒದೀತಾ ಇದೀರ ನೀವು, ಏಟು ಹಲ್ಲಿಗೆ ಬೀಳ್ತಿದೆ.”

“ಇಲ್ಲ ಸಾರ್.”

“ಲೋಡ್ ಜಾಸ್ತಿ, ಅವಸರ. ಗೊತ್ತಾಗುತ್ತೆ. ಹಬ್ಬ ಮುಗಿಸ್ಕೊಳ್ಳಿ. ಆಮೇಲೆ ಬೇರೆ ಹುಡುಗ ಬರ್ತಾನೆ. ಇನ್ನೊಂದ್ ಸಲ ಹೋದ್ರೆ ಗಾಡಿ ಗುಜರಿಗೇ.”

ಅಬ್ರಾರ್ ಜಗಳ ಆಡಲಿಲ್ಲ. ಎಣ್ಣೆಯ ಮೇಲೆ ಅನುಮಾನ ಅವರಿಗೂ ಬರಲಿಲ್ಲ, ಅಮ್ಮ ಹ್ಞೂಂ ಅಂದ ಎಣ್ಣೆ ಅದು. ಎದ್ದು ಹೋಗುವಾಗ ಬಾಗಿಲ ಹಿಂದೆ ನಿಂತಿದ್ದ ಮುನಿವೆಂಕಟಮ್ಮನನ್ನು ನೋಡಿ ನಗಲು ಪ್ರಯತ್ನಿಸಿದರು. “ಹದಿನಾರು ವರ್ಷ ಆಯ್ತಲ್ಲ ಅಮ್ಮಾ. ಕಾಲಿಗೂ ವಯಸ್ಸಾಯ್ತೇನೋ. ನನಗೇ ಗೊತ್ತಾಗ್ತಿಲ್ಲ.”

ಆ ಮಾತು ಮುನಿವೆಂಕಟಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಮುದ್ದೆ ನುಂಗಿದರೂ ಇಳಿಯಲಿಲ್ಲ. ಅಬ್ರಾರ್ ಕಾಲು ಏನೂ ಮಾಡಿಲ್ಲ ಅಂತ ಅವರಿಗೆ ಗೊತ್ತು. ಎಣ್ಣೆ ಏನು ಮಾಡಿದೆ ಅಂತ ಗೊತ್ತಿಲ್ಲ. ಅದು ತಿಳಿಯಬೇಕಾದ ಮೂಗು ತನ್ನ ಮುಖದ ಮೇಲೆ ಸುಮ್ಮನೆ ಕೂತಿದೆ.

ಮರುದಿನ ಬೆಳಗ್ಗೆ ಗ್ಯಾರೇಜಿಗೆ ಹೋದರು. ಬಾಗಲಕೋಟೆ ಕಡೆಯಿಂದ ಬಂದು ಇಪ್ಪತ್ತು ವರ್ಷವಾದರೂ ಸಂಗಮೇಶನ ಮಾತು ಮಾತ್ರ ಊರು ಬಿಟ್ಟಿರಲಿಲ್ಲ.

“ಅಮ್ಮಾರ, ಒಂದ ಕೆಲಸ ಮಾಡೂಣು. ಗಟ್ಟಿ ಎಣ್ಣಿ ಹಾಕೂಣು, ನೂರಾ ನಲವತ್ತು ನಂಬರ. ಸಪ್ಪಳ ನಿಂತ ಬಿಡ್ತೈತಿ. ನಿರಂಜನಣ್ಣನೂ ಸುಮ್ಮ ಆಗ್ತಾರ.”

“ಸಪ್ಪಳ ನಿಂತ್ರೆ ಸವ್ಯೋದು ನಿಲ್ತೈತಾ?”

ಸಂಗಮೇಶ ತಲೆ ಕೆರೆದುಕೊಂಡ. “ಅದು ನಿಲ್ಲಂಗಿಲ್ರಿ.”

“ಅಂಗಾರೆ ಅಳೋ ಕೂಸಿನ ಬಾಯ್ಗೆ ಬಟ್ಟೆ ತುರುಕ್ದಂಗಾಯ್ತು. ಬ್ಯಾಡ. ಆ ಬಕೆಟ್ನಾಗಿಂದ ಒಂದೀಟು ಬಾಟ್ಲಿಗೆ ಆಕ್ಕೊಡು.”

ಆ ಬಾಟಲಿ ಒಂದು ಕೈಯಲ್ಲಿ, ಕಿಟಕಿಯಲ್ಲಿ ಉಳಿದಿದ್ದ ಹಳೆಯ ಅಂಗಡಿಯ ಎಣ್ಣೆ ಬಾಟಲಿ ಇನ್ನೊಂದು ಕೈಯಲ್ಲಿ. ಮುನಿವೆಂಕಟಮ್ಮ ಬೀದಿ ಮಧ್ಯೆ ಸ್ವಲ್ಪ ಹೊತ್ತು ನಿಂತರು. ಹಳೆಯ ಎಣ್ಣೆಯ ನಾತ ಬಲ್ಲ ಮೂಗು ಈ ಊರಿನಲ್ಲಿ ಇನ್ನೊಂದು ಯಾವುದು? ಗ್ಯಾರೇಜಿನವರಿಗೆ ನೂರು ನಾತದಲ್ಲಿ ಅದೂ ಒಂದು. ಆ ನಾತವನ್ನು ಎಂಟು ಹಗಲು ಎಂಟು ರಾತ್ರಿ ತಲೆಯ ಮೇಲೆ ಹೊತ್ತುಕೊಂಡು ಬಾಳಿದವರು ಒಬ್ಬರೇ. ಅವರು ಎದುರಿಗೇ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅಕ್ಕಾ, ಇದ್ನ ವಸಿ ಮೂಸು.”

ದೊಡ್ಡಮುನಿಯಮ್ಮ ಬಾಟಲಿ ನೋಡಿದ್ದೇ ಮೊರ ಎತ್ತಿ ಅಡ್ಡ ಹಿಡಿದರು. “ಮಡ್ಗು ಆ ಕಡೆ! ಇಪ್ಪತ್ತು ವರ್ಷ ಆದ್ರೂ ಹಂಗಿಸೋಕ್ ಬಂದ್ಯಾ?”

“ಹಂಗ್ಸೋಕಲ್ಲ ಕಣಕ್ಕ. ನಿನ್ ದಮ್ಮಯ್ಯ. ಒಂದ್ಸಲ.”

ಮುನೆಂಕ್ಟಿ ದಮ್ಮಯ್ಯ ಅಂದಿದ್ದು ಹುಟ್ಟಿದಾರಭ್ಯ ಇದೇ ಮೊದಲು. ದೊಡ್ಡಮುನಿಯಮ್ಮ ಮೊರ ಇಳಿಸಿದರು. ಹಳೆಯ ಬಾಟಲಿ ಮೂಗಿಗೆ ಹಿಡಿದದ್ದೇ ತಡ, ಮುಖ ನಿಂಬೆಹಣ್ಣು ಹಿಂಡಿದಂತಾಯಿತು.

“ಥೂ! ಅದೇ! ಅದೇ ಮುಂಡೇದು!”

“ಈಗ ಇದು?”

ದೊಡ್ಡಮುನಿಯಮ್ಮ ಎರಡನೆಯದನ್ನು ಮೂಸಿದರು. ಮತ್ತೆ ಮೂಸಿದರು. ಬಾಟಲಿ ಅಲ್ಲಾಡಿಸಿ ಮೂರನೇ ಸಲ ಮೂಸಿದರು. “ಇದು ಅದಲ್ಲ ಕಣೆ. ನಾತ ಐತೆ, ಆದ್ರೆ ಸಪ್ಪೆ. ಅವತ್ತು ಇದನ್ನ ಹಚ್ಕೊಂಡಿದ್ರೆ ಎರಡೇ ನೀರಿಗೆ ಓಗಿರೋದು.” ಆಮೇಲೆ ತಲೆಯೆತ್ತಿ ನೋಡಿದರು. “ಅಲ್ಲ, ಇದನ್ನ ನನ್ ಕೇಳ್ತೀಯಲ್ಲ, ನಿನ್ ಮೂಗಿಗೇನಾಗೈತೆ?”

ಮುನಿವೆಂಕಟಮ್ಮ ಕಟ್ಟೆಯ ಮೇಲೆ ಕೂತುಕೊಂಡರು. ಒಂದು ಅವರೆಕಾಯಿ ಎತ್ತಿಕೊಂಡು, ಸುಲಿದು, ಕಾಳು ಮೊರಕ್ಕೆ ಹಾಕಿದರು. “ಸತ್ತೋಗಿ ಮೂರು ವರ್ಷ ಆಯ್ತಕ್ಕ.”

ದೊಡ್ಡಮುನಿಯಮ್ಮ ಮೊರ ಪಕ್ಕಕ್ಕೆ ಸರಿಸಿ ಎದ್ದರು. “ನಡಿ. ನಾನೂ ಬತ್ತೀನಿ.”

ಗ್ಯಾರೇಜಿನಲ್ಲಿ ನಿರಂಜನ ಬಂದಿದ್ದ. ಅಬ್ರಾರ್ ಇದ್ದರು. ಬೇರೆ ಟ್ಯಾಂಕರುಗಳ ಇಬ್ಬರು ಓನರುಗಳೂ ಟೀ ಲೋಟ ಹಿಡಿದು ನಿಂತಿದ್ದರು. ಅವರೆಲ್ಲರ ಎದುರಿಗೆ ಹೇಳುವ ಅಗತ್ಯವಿರಲಿಲ್ಲ. ಮಗನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ಅಬ್ರಾರ್ ಕಾಲಿನ ವಿಷಯ ಊರಿಗೆಲ್ಲ ಆಗಲೇ ಗೊತ್ತಾಗಿತ್ತಲ್ಲ. ಹಾಗಾಗಿ ಮುನಿವೆಂಕಟಮ್ಮ ಜಗಲಿಯ ಮೇಲೆ ಮಾತಾಡುವ ಗಂಟಲಿನಲ್ಲೇ ಹೇಳಿದರು.

“ನಿರಂಜನಾ, ಅಬ್ರಾರನ ಕಾಲು ನೆಟ್ಟಗೈತೆ. ನನ್ ಮೂಗು ನೆಟ್ಟಗಿಲ್ಲ. ಕೊರೊನಾದಾಗೆ ಓಯ್ತು, ಬರ್ಲೇ ಇಲ್ಲ. ಆ ಬಕೆಟ್ಟಿಗೆ ನಾನು ಸುಮ್ ಸುಮ್ನೆ ಹ್ಞೂಂ ಅಂದೆ. ಎರಡ್ ಸಲಾನೂವೆ.”

ಟೀ ಕುಡಿಯುತ್ತಿದ್ದವರು ಲೋಟ ತುಟಿಯಲ್ಲೇ ನಿಲ್ಲಿಸಿದರು. ನಿರಂಜನ “ಅಮ್ಮಾ, ಏನ್ ಹೇಳ್ತಿದೀಯ?” ಅಂದ.

“ಸಂಗಮೇಶಾ, ಆ ಬಕೆಟ್ ಮ್ಯಾಗೆ ಏನ್ ಬರ್ದೈತೆ ಓದು.”

ಸಂಗಮೇಶ ಬಕೆಟ್ ತಿರುಗಿಸಿ, ಬಟ್ಟೆಯಿಂದ ಒರೆಸಿ, ಬಗ್ಗಿದ. ತೊಂಬತ್ತು ಎಂಬ ದಪ್ಪ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಎಣ್ಣೆಯ ದರ್ಜೆ. “ಜಿ.ಎಲ್. ನಾಕು,” ಅಂದ. ಅವನ ಮುಖ ಕಪ್ಪಿಟ್ಟಿತು. “ಐದು ಇರಬೇಕಾಗಿತ್ತರಿ ಹೌಸಿಂಗಿಗೆ. ಇದು ಗೇರ್‌ಬಾಕ್ಸಿಂದು.”

“ಎಣ್ಣೆ ಕಳಪೆಯಾ?” ನಿರಂಜನ ಕೇಳಿದ.

“ಎಣ್ಣಿ ಚೊಲೊ ಐತ್ರಿ. ಜಾಗಾ ತಪ್ಪೈತಿ. ಗೇರ್‌ಬಾಕ್ಸಿನಾಗ ಹಲ್ಲಿಗೆ ಹಲ್ಲು ಮುಟ್ಟಿ ತಿರಗ್ತಾವ. ಹೌಸಿಂಗಿನಾಗ ಒಂದರ ಮ್ಯಾಲ ಒಂದು ಉಜಗೊಂತ ಹೊಕ್ಕಾವ. ಅಲ್ಲಿ ಬರೇ ಜಿಡ್ಡು ಸಾಲಂಗಿಲ್ಲ. ಐದರಾಗ ಆ ನಾರೂ ಔಷಧಿ ಡಬಲ್ ಇರ್ತೈತಿ, ಅದ ಹಲ್ಲು ಕಾಯೂದು. ಹಂಗಂತ ಐದನ್ನ ಒಯ್ದು ಗೇರ್‌ಬಾಕ್ಸಿಗೆ ಹಾಕಿದ್ರ ಅಲ್ಲಿನ ಹಿತ್ತಾಳಿ ರಿಂಗ ತಿಂತೈತಿ. ಎಲ್ಲೀದು ಅಲ್ಲೇ ಇರಬೇಕು.”

“ಗೊತ್ತಿದ್ದೂ ಓದ್ಲಿಲ್ವೇನ್ರೀ?”

“ಅಮ್ಮಾರು ಹ್ಞೂಂ ಅಂದ ಮ್ಯಾಲ ನಾ ಯಾಕ ಓದ್ಲಿ ಅಣ್ಣಾರ? ಈ ಊರಾಗ ಯಾರರ ಓದ್ಯಾರೇನು?”

ಅದೂ ನಿಜವೇ. ಹದಿನೇಳು ಟ್ಯಾಂಕರು, ಇಪ್ಪತ್ತು ವರ್ಷ, ಒಬ್ಬರೂ ಡಬ್ಬ ತಿರುಗಿಸಿ ನೋಡಿರಲಿಲ್ಲ. ಟೀ ಲೋಟದ ಓನರುಗಳಲ್ಲಿ ಒಬ್ಬ ಮೆಲ್ಲಗೆ ಹೊರಗೆ ಹೋಗಿ ಫೋನು ಮಾಡಿದ, “ಲೋ, ನಮ್ ಗಾಡಿಗೆ ಯಾವ್ದು ಹಾಕಿದೀರೋ ಮೊದ್ಲು ನೋಡ್ರೋ.”

ನಿರಂಜನ ಅಬ್ರಾರ್ ಹತ್ತಿರ ಹೋಗಿ ನಿಂತ. ಅವರ ಅಂಗಿಯ ತೋಳಿಗೆ ಅಂಟಿದ್ದ ಧೂಳು ಕೊಡವಿದ. “ಭಾಯ್...”

“ಬಿಡಿ ಸಾರ್,” ಅಂದರು ಅಬ್ರಾರ್. ಆಮೇಲೆ ಮುನಿವೆಂಕಟಮ್ಮನ ಕಡೆ ತಿರುಗಿದರು. “ಮೂರು ವರ್ಷದಿಂದ ವಾಸನೆ ಇಲ್ಲಾಂದ್ರೆ ಊಟ ಹೆಂಗ್ ಮಾಡ್ತಿದ್ರಿ ಅಮ್ಮಾ?”

ಇಡೀ ಗ್ಯಾರೇಜಿನಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಮುನಿವೆಂಕಟಮ್ಮ ಆಗ ಸೆರಗಿನಿಂದ ಮೂಗು ಒರೆಸಿಕೊಂಡರು. “ಅಂಗೇಯ. ಉಪ್ಪು ಗೊತ್ತಾಯ್ತದೆ, ಖಾರ ಗೊತ್ತಾಯ್ತದೆ. ಸೊಪ್ಪು ಯಾವ್ದು ಅಂತ ಗೊತ್ತಾಗಕಿಲ್ಲ.”

ಹಬ್ಬದ ದಿನ ಅಬ್ರಾರ್ ಮನೆಯಿಂದ ಶೀರ್ ಕುರ್ಮಾ, ಅವರ ಹಬ್ಬದ ಶಾವಿಗೆ ಪಾಯಸ, ಬಂತು. ಅವರ ಹೆಂಡತಿ ಜಾಹಿದಾ ಅದರಲ್ಲಿ ಬಾದಾಮಿ, ಪಿಸ್ತಾ, ಖರ್ಜೂರವನ್ನು ಕೈತುಂಬ ದಪ್ಪ ದಪ್ಪಗೆ ಹೆಚ್ಚಿ ಹಾಕಿದ್ದರು. ವಾಸನೆ ಇಲ್ಲದಿದ್ದರೇನು, ಹಲ್ಲಿಗಾದರೂ ಸಿಗಲಿ ಅಂತ. ಟ್ಯಾಂಕರು ಹೊಸ ಹಲ್ಲುಚಕ್ರ, ಸರಿಯಾದ ಎಣ್ಣೆ ತುಂಬಿಕೊಂಡು ಹಬ್ಬದ ಮಾರನೆಯ ದಿನವೇ ಓಡಿತು, ಅಬ್ರಾರ್ ಕೈಯಲ್ಲೇ.

ಇನ್ನು ಯಾರು ತನ್ನ ಜಗಲಿಗೆ ಡಬ್ಬ ತರುತ್ತಾರೆ ಅಂತ ಮುನಿವೆಂಕಟಮ್ಮ ಅಂದುಕೊಂಡಿದ್ದರು. ಮುಂದಿನ ತಿಂಗಳೇ ಒಬ್ಬ ತಂದ. “ಅಮ್ಮಾ, ಓದಿ ನೋಡಿದೀನಿ, ಐದೇ ಇದೆ. ಆದ್ರೂ ನೀವೊಂದ್ಸಲ...” ಅಂತ ತಲೆ ತಗ್ಗಿಸಿ ನಿಂತ. ಹೊಸ ಪದ್ಧತಿ ಶುರುವಾಯಿತು. ಮೊದಲು ಅಬ್ರಾರ್ ಡಬ್ಬದ ಮೇಲಿನ ಸಣ್ಣ ಅಕ್ಷರ ಗಟ್ಟಿಯಾಗಿ ಓದುವುದು. ಆಮೇಲೆ ದೊಡ್ಡಮುನಿಯಮ್ಮ ಮೂಸಿ “ಥೂ!” ಅನ್ನುವುದು. ಥೂ ಜೋರಾಗಿದ್ದಷ್ಟೂ ಎಣ್ಣೆ ಅಸಲು. ಕೊನೆಗೆ ಮುನಿವೆಂಕಟಮ್ಮ ಬೆರಳು ಅದ್ದಿ, ಉಜ್ಜಿ, “ಹ್ಞೂಂ” ಅನ್ನುವುದು. ಹೌಸಿಂಗಿನ ಕೆಳಗೆ ಎಣ್ಣೆ ಬಸಿಯುವ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ನೋಡುವುದನ್ನೂ ಅವರು ಸಂಗಮೇಶನಿಂದ ಕಲಿತರು. ರಾಗಿಹಿಟ್ಟಿನಷ್ಟು ನಯವಾಗಿದ್ದರೆ ಚಿಂತೆಯಿಲ್ಲ, ತರಿ ಸಿಕ್ಕರೆ ಬಿಚ್ಚಿಸಿ ಅನ್ನುತ್ತಿದ್ದರು. ಅವರ ಬೆರಳಿಗೆ ಹಿಟ್ಟು ಯಾವುದು, ತರಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುವರ್ಷ ಕಾರ್ತಿಕದಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ಹೃದಯ ದೊಡ್ಡದಾಗಿದೆ ಅಂದರು ಡಾಕ್ಟರು. “ಅದು ನಮ್ಗೆ ಮೊದ್ಲೇ ಗೊತ್ತಿತ್ತು” ಎಂದರು ಅಬ್ರಾರ್. ಆಸ್ಪತ್ರೆಗೆ ಸೇರಿಸುವ ದಿನ ಬೆಳಗ್ಗೆ ನಿರಂಜನ ಕಾರನ್ನು ಬಾಗಿಲಿಗೆ ತಂದ. ಟ್ಯಾಂಕರು ಬೇಲಿಯ ಪಕ್ಕ ನಿಂತಿತ್ತು. ಅಬ್ರಾರ್ ಅದರಡಿಯಿಂದ ಹಳೆಯ ಎಣ್ಣೆ ಬಸಿದು, ಹೊಸ ಡಬ್ಬ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು.

ಮುನಿವೆಂಕಟಮ್ಮ ಹೊಸ್ತಿಲು ದಾಟಿ, ದೊಡ್ಡಮುನಿಯಮ್ಮನ ತೋಳು ಹಿಡಿದು ಮೂರು ಮೆಟ್ಟಿಲು ಇಳಿದರು. ಕಾರಿನ ಕಡೆ ಹೋಗದೆ ಬೇಲಿಯ ಕಡೆ ತಿರುಗಿದರು.

“ಅಮ್ಮಾ, ಲೇಟ್ ಆಗುತ್ತೆ,” ಅಂದ ನಿರಂಜನ.

“ಆಗ್ಲಿ ಇರ್ಲಾ. ಎಷ್ಟು ಅಂತ ಓದು ಅಬ್ರಾರು.”

“ತೊಂಬತ್ತು. ಜಿ.ಎಲ್. ಐದು ಅಮ್ಮಾ.”

ದೊಡ್ಡಮುನಿಯಮ್ಮ ಬಗ್ಗಿ ಮೂಸಿದರು. ಅವತ್ತು ಅವರ ಥೂ ಅಷ್ಟು ಜೋರಾಗಿ ಬರಲಿಲ್ಲ. ಮುನಿವೆಂಕಟಮ್ಮ ಬೆರಳು ಅದ್ದಿದರು, ಹೆಬ್ಬೆರಳಿಗೆ ಉಜ್ಜಿದರು, ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದರು.

“ಏನಾದ್ರೂ ಬಂತಾ ಅಮ್ಮಾ?” ಅಬ್ರಾರ್ ಮೆಲ್ಲಗೆ ಕೇಳಿದರು.

“ಹ್ಞೂಂ,” ಅಂದರು ಮುನಿವೆಂಕಟಮ್ಮ. “ಆಕು.”

ನಿಜವಾಗಿ ಬಂದಿತ್ತೋ ಇಲ್ಲವೋ, ಅಬ್ರಾರ್ ಮತ್ತೆ ಕೇಳಲಿಲ್ಲ. ಬೆರಳು ಒರೆಸಿಕೊಳ್ಳಲು ದೊಡ್ಡಮುನಿಯಮ್ಮ ತಮ್ಮ ಸೆರಗು ಕೊಟ್ಟರೂ ಮುನಿವೆಂಕಟಮ್ಮ ಒರೆಸಿಕೊಳ್ಳಲಿಲ್ಲ. ಎಣ್ಣೆಯ ಬೆರಳನ್ನು ಕಾರಿನ ಸೀಟಿಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಒಳಗೆ ಕೂತರು. ಕಾರು ಕೆರೆಯ ರಸ್ತೆಗೆ ತಿರುಗುವವರೆಗೂ ಆ ಬೆರಳು ಕಿಟಕಿಯ ಗಾಜಿನಾಚೆ ಕಾಣುತ್ತಿತ್ತು. ಅಬ್ರಾರ್ ಟ್ಯಾಂಕರಿನಡಿ ಮಲಗಿ, ಡಬ್ಬ ಎತ್ತಿ, ಸಣ್ಣ ಧಾರೆಯಲ್ಲಿ ಎಣ್ಣೆ ತುಂಬತೊಡಗಿದರು.